ರಾಣಿ ಒಳಗೇ ಸಾಯಬೇಕಂತೆ

ಧಡಾರ್!

ಹಲಗೆಯ ಮೇಲೆ ಒಬ್ಬ ದಪ್ಪ ಗಂಡಸು ಅಂಗಾತ ಬಿದ್ದ ಸದ್ದು ಅದು. ಪೀಪಾಯಿಗಳ ಮೇಲೆ ಹಲಗೆ ಹಾಸಿ ಕಟ್ಟಿದ ಸ್ಟೇಜಾದ್ದರಿಂದ ಬೀಳುವವನು ಒಬ್ಬನೇ ಆದರೂ ಸದ್ದು ಅಡಿಯಿಂದ ಗುಡುಗಿನ ಹಾಗೆ ಎದ್ದು, ಮುಂದೆ ಚಾಪೆಯ ಮೇಲೆ ಕೂತ ನಮ್ಮ ಎದೆಗೂ ಬಂದು ತಾಗುತ್ತಿತ್ತು. ಬಿದ್ದವನು ನನ್ನ ಮೈದುನ, ಗಂಡನ ತಮ್ಮ. ಹೆಡತಲೆ ಅನ್ನುವ ನಮ್ಮ ಹಳ್ಳಿಯಲ್ಲಿ ಗದ್ದೆ ನೋಡಿಕೊಂಡಿದ್ದವನು. ಊರಿನ ಪೌರಾಣಿಕ ನಾಟಕದಲ್ಲಿ ಕೊನೆಗೆ ಸಾಯುವ ರಾಜನ ಪಾರ್ಟು ಅವನಿಗೇ ಮೀಸಲು. ಬಿದ್ದ ಮಾತ್ರಕ್ಕೆ ಸಾಯುತ್ತಿದ್ದ ಅಂತಲ್ಲ. ಮೊಣಕೈ ಊರಿ ಎದ್ದು ಒಂದು ಹಾಡು, ಕಿರೀಟ ತೆಗೆದಿಟ್ಟು ಇನ್ನೊಂದು ಹಾಡು, ಜನ ‘ಒನ್ಸ್ ಮೋರ್’ ಅಂದರೆ ಅದೇ ಹಾಡು ಮತ್ತೆ. ಹಾರ್ಮೋನಿಯಂ ಮೇಷ್ಟ್ರಿಗೆ ಸುಸ್ತಾಗಿ ಬೆವರು ಒರೆಸಿಕೊಂಡಾಗಲೇ ಅವನ ಪ್ರಾಣ ಹೋಗುತ್ತಿದ್ದದ್ದು.

ಅದೇ ನಾಟಕದ ರಾಣಿಯ ಗತಿ ಏನು? ಒಬ್ಬ ದೂತ ಬಂದು, ‘ಮಹಾರಾಣಿಯವರು ಅಂತಃಪುರದಲ್ಲಿ ದೇಹತ್ಯಾಗ ಮಾಡಿದರು ಪ್ರಭೂ’ ಅಂದು ಹೋಗುತ್ತಿದ್ದ. ಮುಗಿಯಿತು. ಆ ಪಾರ್ಟಿಗೆಂದು ಸಂಭಾವನೆ ಕೊಟ್ಟು ಕರೆಸಿದ ಕಲಾವಿದೆ ಅಷ್ಟು ಹೊತ್ತಿಗೆ ಹಿಂದಿನ ಬಣ್ಣದ ಕೋಣೆಯಲ್ಲಿ ಸೀರೆ ಮಡಿಸಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು.

ಹಳ್ಳಿಯವರಿಗೆ ತಿಳಿಯದು ಅನ್ನೋಣವೆಂದರೆ ನನ್ನ ಕಾನ್ವೆಂಟಿನ ಸಿಸ್ಟರ್‌ಗಳೇನು ಕಡಿಮೆ? ಮೈಸೂರಿನ ಬೋರ್ಡಿಂಗಿನಲ್ಲಿ ಪ್ರತಿ ಆ್ಯನುಯಲ್ ಡೇಗೆ ಒಂದು ಇಂಗ್ಲಿಷ್ ಟ್ರ್ಯಾಜಿಡಿ ಆಡಿಸುತ್ತಿದ್ದರು. ಎಲ್ಲರೂ ಹುಡುಗಿಯರೇ. ರಾಜನೂ ಹುಡುಗಿ, ರಾಣಿಯೂ ಹುಡುಗಿ. ಮೀಸೆ ಬರೆದುಕೊಂಡು ರಾಜನಾದ ಹುಡುಗಿಗೆ ಸ್ಟೇಜಿನ ನಟ್ಟನಡುವೆ, ಸಿಸ್ಟರ್‌ಗಳ ನೀಲಿ ಬೆಡ್‌ಶೀಟಿನ ಮೇಲೆ ಸಾಯಲು ಪರ್ಮಿಷನ್ ಇತ್ತು. ರಾಣಿಯಾದ ಹುಡುಗಿಗೆ ಇರಲಿಲ್ಲ. ‘ನಾಟ್ ಡೀಸೆಂಟ್, ಗರ್ಲ್ಸ್’ ಅನ್ನುತ್ತಿದ್ದರು. ನಾನು ಉದ್ದಕ್ಕಿದ್ದೆ, ಗಂಟಲು ದೊಡ್ಡದಿತ್ತು, ಆದ್ದರಿಂದ ಯಾವಾಗಲೂ ಮೆಸೆಂಜರ್. ಎಷ್ಟು ರಾಣಿಯರನ್ನು ಹೀಗೆ ಒಂದು ವಾಕ್ಯದಲ್ಲಿ ಮುಗಿಸಿದೆನೋ ದೇವರಿಗೇ ಗೊತ್ತು.

ಹೆಡತಲೆಯ ನಾಟಕಕ್ಕೆ ಒಂದು ಪದ್ಧತಿ ಇತ್ತು. ಅದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸ್ಟೇಜಿನ ಮೇಲೆ ಸತ್ತವನು ತಾನಾಗಿ ಏಳುವಂತಿಲ್ಲ. ಪರದೆ ಬಿಟ್ಟು ಮತ್ತೆ ಎತ್ತಿದಾಗ ಬಿದ್ದಲ್ಲೇ ಬಿದ್ದಿರಬೇಕು. ಅವನ ಮನೆಯವರು ಯಾರಾದರೂ ಕೂಗಿ ಕರೆಯಬೇಕು, ಅವನು ಓಗೊಟ್ಟು ಏಳಬೇಕು. ಆಮೇಲೇ ಮಂಗಳ ಹಾಡುವುದು. ಕರೆಯದೆ ಎದ್ದರೆ ಆಡಿದ ಸಾವು ಬಣ್ಣದ ಜೊತೆ ತೊಳೆದುಹೋಗದೆ ಮನೆಯ ತನಕ ಹಿಂದೆಯೇ ಬರುತ್ತದೆ ಎಂದು ನಂಬಿಕೆ. ತಾಯಿ ಇದ್ದರೆ ತಾಯಿ, ಇಲ್ಲದಿದ್ದರೆ ಹೆಂಡತಿ ಕರೆಯುವುದು. ಗಂಡನ ಹೆಸರು ಹೇಳುವ ಹಾಗಿಲ್ಲವಲ್ಲ, ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಂಗಸರ ನಡುವಿನಿಂದ ಎದ್ದು ನಿಂತು, “ಏನ್ರೀ! ಸತ್ತಿದ್ದು ಸಾಕು, ಎದ್ ಬನ್ನಿ! ಮುದ್ದೆ ಆರೋಯ್ತದೆ!” ಅನ್ನುವಳು. ಊರಿಗೆ ಊರೇ ನಗುವುದು. ಸತ್ತ ರಾಜ ಕಣ್ಣು ಬಿಡದೆಯೇ, “ಬಂದೆ ಕಣಮ್ಮೀ, ಸಾರು ಬಿಸಿ ಮಾಡು” ಅಂದು ಏಳುವನು.

ಮೈದುನ ನಿಜವಾಗಿ ತೀರಿಕೊಂಡ ದಿನ ಅವಳು ಅವನ ತಲೆಯ ಹತ್ತಿರ ಕೂತು ಆ ಮಾತನ್ನು ಒಂದೇ ಸಲ ಅಂದಳು. ಮುದ್ದೆಯನ್ನು ಬಿಟ್ಟು, ಬರೀ ‘ಎದ್ ಬನ್ನಿ’ ಅಂತ. ಅಂಗಳದಲ್ಲಿ ನಿಂತಿದ್ದ ಜೊತೆಯ ಪಾರ್ಟುಗಾರರು ಬೇರೆ ಕಡೆ ಮುಖ ಮಾಡಿಕೊಂಡರು.

ಇದೆಲ್ಲ ಹಳೆಯದು. ನನಗೆ ಸಿಟ್ಟು ಬಂದದ್ದು ಈಚೆಗೆ, ಮತ್ತು ಆ ಸಿಟ್ಟು ಇನ್ನೂ ಇಳಿದಿಲ್ಲ.

ನಂಜನಗೂಡಿನ ನಮ್ಮ ಮಹಿಳಾ ಸಮಾಜಕ್ಕೆ ಮೈಸೂರಿನಿಂದ ಒಬ್ಬ ಡೈರೆಕ್ಟರ್ ಬಂದರು. ಕುರುಚಲು ಗಡ್ಡ, ಖಾದಿ ಕುರ್ತಾ, ಮಾತಿಗೊಮ್ಮೆ ‘ಸ್ಪೇಸ್’ ಅನ್ನುವ ಪದ. ಗ್ರೀಕರ ಒಂದು ಪುರಾತನ ಟ್ರ್ಯಾಜಿಡಿಯನ್ನು ಕನ್ನಡದಲ್ಲಿ ಆಡಿಸುತ್ತೇನೆ, ಊರಿನವರೇ ಪಾತ್ರ ಮಾಡಬೇಕು ಎಂದರು. ಹಠಮಾರಿ ರಾಜ, ಅವನ ಹಠಕ್ಕೆ ಬಲಿಯಾದ ಮಗ, ಮಗನ ಸುದ್ದಿ ಕೇಳಿ ಪ್ರಾಣ ಬಿಡುವ ರಾಣಿ. ರಾಜನ ಪಾತ್ರಕ್ಕೆ ಒಬ್ಬ ಕಾಲೇಜು ಲೆಕ್ಚರರ್. ದೂತನಿಗೆ ಒಬ್ಬ ಇನ್ಶೂರೆನ್ಸ್ ಏಜೆಂಟ್, ಒಳ್ಳೆಯ ಮನುಷ್ಯ, ಸಾವಿನ ಸುದ್ದಿ ಹೇಳುವಾಗಲೂ ನಗುಮುಖ. ನಾವು ಮೂವರು ಮುದುಕಿಯರು ಮೇಳ, ಅಂದರೆ ಕೊನೆಯ ತನಕ ಸ್ಟೇಜಿನಲ್ಲೇ ಕೂತು ಒಟ್ಟಿಗೆ ಮಾತು ಹೇಳುವವರು. ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ರಿಹರ್ಸಲ್. ಗೋಡೆಗೆ ಅಂಟಿದ ಹುಳಿಯ ವಾಸನೆಯ ನಡುವೆ ಗ್ರೀಕ್ ಅರಮನೆ.

ಓರಗಿತ್ತಿ ಆಗ ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಲು ನಮ್ಮ ಮನೆಗೆ ಬಂದಿದ್ದಳು. ಒಬ್ಬಳೇ ಮನೆಯಲ್ಲಿ ಏನು ಮಾಡುತ್ತಾಳೆ ಅಂತ ಜೊತೆಗೆ ಕರೆದುಕೊಂಡು ಹೋದೆ. ಡೈರೆಕ್ಟರ್ ಅವಳ ಮುಖವನ್ನೇ ನೋಡಿದರು. “ಆಂಟಿ, ಇವರು ಯಾರು? ವಾಟ್ ಎ ಫೇಸ್! ನನಗೆ ರಾಣಿ ಸಿಕ್ಕಿಬಿಟ್ರು.”

“ನಾನಾ?” ಅಂದಳು ಅವಳು. “ಮುಖ ತೊಳೆದು ಬಂದೀನಿ ಅಷ್ಟೇ ಕಣಪ್ಪ, ರಾಣಿ ಗೀಣಿ ಅಲ್ಲ.”

ಆದರೆ ಒಪ್ಪಿದಳು. ಕೊಟ್ಟ ನಾಲ್ಕು ಮಾತನ್ನು ನನ್ನಿಂದ ಓದಿಸಿಕೊಂಡು ಬಾಯಿಪಾಠ ಮಾಡಿದಳು. ಬೆಳಗ್ಗೆ ಕಾಫಿ ಸೋಸುವಾಗ ಅಡುಗೆ ಮನೆಯಿಂದ, ‘ನನ್ನ ಕಂದ ಎಲ್ಲಿ?’ ಅಂತ ಕೂಗಿ ಪಕ್ಕದ ಮನೆಯವರನ್ನು ಹೆದರಿಸಿದಳು. ಒಂದು ದಿನ ಅವರೆಕಾಯಿ ಬಿಡಿಸುತ್ತಾ ನನ್ನನ್ನು ಕೇಳಿದಳು: “ಅಕ್ಕಾ, ನಾನು ಸಾಯೋದು ಯಾವಾಗ? ಅದನ್ನ ಇನ್ನೂ ಹೇಳೇ ಕೊಟ್ಟಿಲ್ಲ ಆಯಪ್ಪ.”

“ನೀನು ಒಳಗೆ ಹೋಗ್ತೀಯಲ್ಲ, ಅಲ್ಲೇ ಸಾಯ್ತೀಯ. ದೂತ ಬಂದು ಹೇಳ್ತಾನೆ.”

ಅವಳ ಕೈ ನಿಂತಿತು. “ಒಳಕ್ಕೋಗಿ ಯಾಕೆ? ಆಚೆ ಜಾಗ ಇಲ್ವಾ?”

ಮಾರನೆಯ ದಿನ ರಿಹರ್ಸಲ್‌ನಲ್ಲಿ ನೇರವಾಗಿ ಡೈರೆಕ್ಟರನ್ನೇ ಕೇಳಿದಳು. ಅವರು ತಾಳ್ಮೆಯಿಂದ, ಮಕ್ಕಳಿಗೆ ಹೇಳುವಂತೆ ಹೇಳಿದರು: “ಆಂಟಿ, ಗ್ರೀಕ್ ಟ್ರ್ಯಾಜಿಡಿಲಿ ಡೆತ್ ಯಾವಾಗ್ಲೂ ಆಫ್ ಸ್ಟೇಜ್. ಜನ ಸಾವನ್ನ ನೋಡ್ಬಾರ್ದು, ಕೇಳ್ಬೇಕು. ಅದು ಆ ನಾಟಕದ ಗ್ರಾಮರ್.”

“ಹಂಗಾರೆ ರಾಜ?”

ಇಲ್ಲಿಯೇ ನನ್ನ ಮೈ ಉರಿದದ್ದು. ಡೈರೆಕ್ಟರ್ ಹೇಳಿದ ರೂಲು ಸುಳ್ಳಲ್ಲ, ನಾನೂ ಓದಿಕೊಂಡವಳೇ. ಆದರೆ ಆ ಮೂಲದಲ್ಲಿ ರಾಜ ಸಾಯುವುದೇ ಇಲ್ಲ! ಅಳುತ್ತಾ ಒಳಗೆ ಹೋಗುತ್ತಾನೆ, ಅಷ್ಟೇ. ಈ ಮಹಾಶಯರು ತಾವಾಗಿ ರಾಜನಿಗೆ ಒಂದು ಸಾವನ್ನು ಬರೆದಿದ್ದರು. ಕೆಂಪು ಲೈಟು, ಹೊಗೆ ಬಿಡುವ ಮೆಷೀನು, ರಕ್ತಕ್ಕೆಂದು ಮೇಲಿಂದ ಇಳಿಯುವ ಕೆಂಪು ರಿಬ್ಬನ್ನುಗಳು, ಸ್ಲೋ ಮೋಷನ್ನಿನಲ್ಲಿ ಉರುಳುವುದು. ಲೆಕ್ಚರರು ಅದಕ್ಕೆಂದು ಮೊಣಕಾಲಿಗೆ ಪ್ಯಾಡು ಬೇರೆ ಕೊಂಡಿದ್ದರು.

“ನೋಡೀಪ್ಪಾ,” ಅಂದೆ ನಾನು, “ನಿಮ್ಮ ಗ್ರಾಮರ್ರು ಹೆಂಗಸರಿಗೆ ಮಾತ್ರವಾ? ರಾಜನ ವಿಷಯದಲ್ಲಿ ಗ್ರೀಕರು ರಜ ಹಾಕಿ ಹೋಗಿದ್ರಾ?”

“ಆಂಟಿ, ಅದು ಇಂಟರ್‌ಪ್ರಿಟೇಷನ್. ರಾಜನ ಫಾಲ್ ವಿಷುವಲ್ ಆಗ್ಬೇಕು. ರಾಣಿಯ ಸಾವು ಸೈಲೆನ್ಸ್. ದಟ್ ಈಸ್ ಮೋರ್ ಪವರ್‌ಫುಲ್.”

ಮೋರ್ ಪವರ್‌ಫುಲ್! ಒಳಗೆ ಕಳಿಸಿ ಬಾಗಿಲು ಹಾಕಿಕೊಳ್ಳುವುದಕ್ಕೆ ಎಷ್ಟು ಚಂದದ ಹೆಸರು ನೋಡಿ. ನಾನ್‌ಸೆನ್ಸ್. ಅಷ್ಟು ಪವರ್ ಇದ್ದರೆ ಆ ಸೈಲೆನ್ಸನ್ನು ರಾಜನೇ ಇಟ್ಟುಕೊಳ್ಳಲಿ, ರಿಬ್ಬನ್ನನ್ನು ಇವಳಿಗೆ ಕೊಡಲಿ. ಹಾಗಂತ ಅಂದೂ ಬಿಟ್ಟೆ. ಲೆಕ್ಚರರು ಕೆಮ್ಮಿದರು. ಮೇಳದ ಇನ್ನಿಬ್ಬರು ನನ್ನ ಸೀರೆ ಎಳೆದು ಕೂರಿಸಿದರು.

ಆ ದಿನ ಮನೆಗೆ ನಡೆದು ಬರುವಾಗ ಓರಗಿತ್ತಿ ನನಗೇ ಸಮಾಧಾನ ಹೇಳಿದಳು. ಆಮೇಲೆ ಕಪಿಲಾ ಹೊಳೆಯ ಕಡೆಗೆ ತಿರುಗುವ ಬೀದಿಯ ಮೂಲೆಯ ಹಣ್ಣಿನ ಗಾಡಿಯಲ್ಲಿ, ರಸಬಾಳೆಯ ಚಿಪ್ಪನ್ನು ಹಿಚುಕಿ ನೋಡುತ್ತಾ, ನನ್ನ ಕಡೆ ನೋಡದೆಯೇ ಹೇಳಿದಳು: “ನಮ್ಮವ್ವ ಒಳಕ್ವಾಣೆಲಿ ಸತ್ಲು. ನಮ್ಮತ್ತೆ ಒಳಕ್ವಾಣೆಲಿ ಸತ್ರು, ನೀನು ನಾನು ಇಬ್ರೇ ಇದ್ದೋ. ನಿಮ್ ಮೈದುನ ನೂರು ಸಲಿ ಸತ್ತವ್ರೆ, ಊರೆಲ್ಲಾ ಕಂಡದೆ. ನಾನು ಒಂದ್ಸಲಿ ಎಲ್ರ ಮುಂದೆ ಸಾಯ್ಬೇಕು ಕಣಕ್ಕ. ಒಬ್ಳು ಎಂಗ್ ಸಾಯ್ತಾಳೆ ಅಂತ ಜನ ನೋಡ್ಲಿ. ಇನ್ನೇನೂ ಬ್ಯಾಡ ನಂಗೆ.”

ಅವಳು ತನಗಾಗಿ ಏನನ್ನಾದರೂ ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸೀರೆ ಆರಿಸುವಾಗಲೂ ‘ಯಾವುದಾದ್ರೂ ಆಯ್ತದೆ’ ಅನ್ನುವವಳು.

ನಂಜನಗೂಡಿನ ಶೋ ಒಂದು ಶಾಲೆಯ ಹಾಲಿನಲ್ಲಿ ಆಯಿತು. ಅವಳು ಡೈರೆಕ್ಟರ್ ಹೇಳಿದಂತೆಯೇ ಮಾಡಿದಳು. ಸುದ್ದಿ ಕೇಳಿದಳು, ಮಾತಾಡದೆ ಒಳಗೆ ಹೋದಳು. ಇನ್ಶೂರೆನ್ಸಿನವರು ಬಂದು ನಗುಮುಖದಿಂದ, ‘ರಾಣಿಯವರು ಒಳಮನೆಯಲ್ಲಿ ಪ್ರಾಣ ಬಿಟ್ಟರು’ ಅಂದರು. ಅದೇ ಹೊತ್ತಿಗೆ ಹೊಗೆ ಮೆಷೀನು ಬುಸ್ ಅಂದಿತು, ಮುಂದಿನ ಸಾಲಿನವರು ಕೆಮ್ಮಿದರು, ರಾಜ ಉರುಳತೊಡಗಿದ. ಆಮೇಲೆ ಕತ್ತಲೆ, ನಾಟಕ ಮುಗಿಯಿತು. ಸತ್ತವರು ಜನರೆದುರು ಬಂದು ಕೈ ಮುಗಿಯಬಾರದು, ಇಂಪ್ಯಾಕ್ಟ್ ಹೋಗುತ್ತದೆ ಅಂತ ಅಪ್ಪಣೆ. ಮಂಗಳವೂ ಇಲ್ಲ. ಬಣ್ಣ ತೊಳೆದು ಆಚೆ ಬಂದರೆ, ಪರಿಚಯದ ಹೆಂಗಸೊಬ್ಬರು ಓರಗಿತ್ತಿಯ ಕೈ ಹಿಡಿದುಕೊಂಡು ಅಕ್ಕರೆಯಿಂದ ಕೇಳಿದರು: “ಬೋ ಚೆನ್ನಾಗಿ ಮಾಡುದ್ರಿ. ಅದ್ಯಾಕೆ ಆಮೇಕೆ ಬರ್ಲೇ ಇಲ್ಲ ನೀವು?”

“ಸತ್ತೋಗಿದ್ದೆ ಕಣವ್ವ” ಅಂದಳು ಇವಳು.

“ಅಯ್ಯೋ, ಯಾವಾಗ?”

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಒಬ್ಬಳು ಸತ್ತದ್ದು ಇಡೀ ಹಾಲಿಗೆ ಗೊತ್ತಾಗಿಲ್ಲ! ನಾನು ಡೈರೆಕ್ಟರನ್ನು ಹುಡುಕಿಕೊಂಡು ಹೋಗಿ ಇದನ್ನೇ ಹೇಳಿದರೆ, “ಆಡಿಯೆನ್ಸ್ ಇನ್ನೂ ಬೆಳೀಬೇಕು ಆಂಟಿ” ಅಂದರು.

ಎರಡನೆಯ ಶೋ ತಿರುಮಕೂಡಲು ನರಸೀಪುರದಲ್ಲಿ. ಬಯಲು, ಶಾಮಿಯಾನ, ಸಂಜೆಯ ಬೆಳಕು ಇನ್ನೂ ಉಳಿದಿತ್ತು. ಅಸ್ಥಿ ಬಿಡಲು ಎಲ್ಲೆಲ್ಲಿಂದಲೋ ಸಂಗಮಕ್ಕೆ ಬರುವವರನ್ನು ದಿನಾ ನೋಡುವ ಊರು ಅದು. ಜನ ಬಂದು ಕಾಲು ಚಾಚಿ ಕೂತರು, ಕಡಲೆಕಾಯಿ ಬಿಡಿಸಿದರು. ಹೆಡತಲೆಯಿಂದಲೂ ಸೋಸಲೆಯಿಂದಲೂ ನಮ್ಮವರು ಒಂದಷ್ಟು ಜನ ಬಂದಿದ್ದರು. ಓರಗಿತ್ತಿಯ ಮಗಳನ್ನು ಕೊಟ್ಟಿರುವುದು ಸೋಸಲೆಗೆ.

ಎಲ್ಲವೂ ಸರಿಯಾಗಿಯೇ ನಡೆಯಿತು. ರಾಣಿ ಒಳಗೆ ಹೋದಳು. ದೂತ ಬಂದರು. “ರಾಣಿಯವರು ಒಳಮನೆಯಲ್ಲಿ...” ಅನ್ನುವಷ್ಟರಲ್ಲಿ ಹಿಂದಿನ ಪರದೆ ಸರಿಯಿತು. ರಾಣಿ ಆಚೆ ಬಂದಳು.

ಇನ್ಶೂರೆನ್ಸಿನವರು ಅವಳನ್ನು ನೋಡಿದರು, ಜನರನ್ನು ನೋಡಿದರು, ಬಾಯಿ ತೆರೆದದ್ದು ಹಾಗೆಯೇ ಇತ್ತು. ಆ ಮನುಷ್ಯನ ಮುಖದಲ್ಲಿ ಮೊದಲ ಸಲ ನಗು ಇರಲಿಲ್ಲ. ಕೊನೆಗೆ ಹೇಗೋ ಸಾವರಿಸಿಕೊಂಡು, “...ಇಲ್ಲಿಗೇ ಬಂದರು” ಅಂದರು. ಪಕ್ಕದಲ್ಲಿ ಮರೆಯಲ್ಲಿ ನಿಂತಿದ್ದ ಡೈರೆಕ್ಟರ್ ಎರಡೂ ಕೈಯಲ್ಲಿ ‘ಒಳಗೆ, ಒಳಗೆ’ ಅಂತ ಸನ್ನೆ ಮಾಡುತ್ತಿದ್ದರು. ಅವಳು ಆ ಕಡೆ ನೋಡಲೇ ಇಲ್ಲ. ಬಂದವಳು, ಯಾರದೋ ಮನೆಗೆ ಹೋದ ಹೆಂಗಸು ಎಲ್ಲಿ ಕೂರಲಿ ಅಂತ ನೋಡುವ ಹಾಗೆ ಒಂದು ಸಲ ನೋಡಿ, ಮೇಳದ ನಮ್ಮ ಹತ್ತಿರ ನೆಲಕ್ಕೆ ಕೈ ಊರಿ ಕೂತಳು. ನನಗೆ ಒರಗಿಕೊಂಡಳು. ಕಿರುಚಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ. ಕಣ್ಣು ಅರ್ಧ ತೆರೆದಿತ್ತು. ಬಲಗೈ ಬೆರಳುಗಳು ಮಾತ್ರ ಸೀರೆಯ ನಿರಿಗೆಯ ಮೇಲೆ ಓಡಾಡತೊಡಗಿದವು. ಇಲ್ಲದ ಎಳೆಯನ್ನು ಹೆಕ್ಕುವುದು, ಬಿಡುವುದು, ಮತ್ತೆ ಹೆಕ್ಕುವುದು.

ಅದು ನಮ್ಮ ಅತ್ತೆಯವರ ಕೈ. ಒಳಕೋಣೆಯಲ್ಲಿ ಆ ದಿನ ಅವರ ಬೆರಳುಗಳು ಕಂಬಳಿಯ ಮೇಲೆ ಹೀಗೆಯೇ ಓಡಾಡಿದ್ದವು. ನಾವಿಬ್ಬರು ಆಚೀಚೆ ಕೂತು ನೋಡಿದ್ದೆವು, ಆಮೇಲೆ ಅದರ ಬಗ್ಗೆ ಒಂದು ಸಲವೂ ಮಾತಾಡಿರಲಿಲ್ಲ. ಈಗ ಅದು ಇಷ್ಟು ಜನರ ಮುಂದೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ. ಕಡಲೆಕಾಯಿಯ ಸದ್ದು ನಿಂತಿತು. ಬೆರಳುಗಳು ನಿಧಾನವಾದವು. ನಿಂತವು. ತಲೆ ಜಾರಿ ನನ್ನ ತೊಡೆಗೆ ಬಂತು. ಹೊಗೆ ಮೆಷೀನಿನವನು ಬಟನ್ ಒತ್ತುವುದನ್ನೇ ಮರೆತ.

ರಾಜ ಆಮೇಲೆ ಉರುಳಿದರು, ಪಾಪ. ಯಾರೂ ನೋಡಲಿಲ್ಲ.

ಲೈಟು ಆರಿಸಿ ಕತ್ತಲೆ ಮಾಡಿದರು. ಮತ್ತೆ ಲೈಟು ಬಂದಾಗ ರಾಜ ಎದ್ದು ಒಳಗೆ ಹೋಗಿ ಆಗಿತ್ತು. ಅವಳು ನನ್ನ ತೊಡೆಯ ಮೇಲೆ ಹಾಗೆಯೇ ಇದ್ದಳು. ಜನವೂ ಏಳಲಿಲ್ಲ. ಡೈರೆಕ್ಟರ್ ಮೈಕಿನಲ್ಲಿ ‘ಧನ್ಯವಾದ, ನಾಟಕ ಮುಗಿಯಿತು’ ಅಂದರು. ಒಬ್ಬರೂ ಅಲುಗಲಿಲ್ಲ. ಹಿಂದಿನಿಂದ ಹೆಡತಲೆಯ ಒಬ್ಬ ಗಂಡಸಿನ ಗಂಟಲು: “ಎಂಗ್ ಮುಗೀತ್ ಸಾ? ಆಯಮ್ಮನ ಎಬ್ಬಿಸ್ದೆ ಎಂಗ್ ಮನೆಗೋಗದು?” ಇನ್ನೊಬ್ಬರು: “ಯಾರಾದ್ರೂ ಕೂಗ್ರಪ್ಪಾ!”

ಡೈರೆಕ್ಟರ್ ಗಾಬರಿಯಾದರು. ಗಲಾಟೆ ಎಂದುಕೊಂಡರು. “ಆಂಟಿ, ಎದ್ದು ಒಳಗೆ ಬರೋಕೆ ಹೇಳಿ, ಪ್ಲೀಸ್” ಅಂತ ನನಗೆ ಪಿಸುಗುಟ್ಟಿದರು. ಒಳಗೆ ಬರೋಕೆ! ಆ ಪದ ಕೇಳಿದ್ದೇ ನನಗೆ ಎಲ್ಲಿತ್ತೋ ಆ ಸಿಟ್ಟು. “ಒಳಗಲ್ಲ ಸ್ವಾಮಿ, ಅವಳು ಇಲ್ಲೇ ಏಳ್ತಾಳೆ. ನೀವು ಸ್ವಲ್ಪ ದೂರ ನಿಂತ್ಕೊಳ್ಳಿ” ಅಂದೆ.

ಅವಳ ಮಗಳು ಜನರ ನಡುವೆ ಎದ್ದು ನಿಂತಿದ್ದಳು, ಆದರೆ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ಗಂಡನಿಲ್ಲ, ಅತ್ತೆಯಿಲ್ಲ. ಮನೆಗೆ ಹಿರಿಯಳು ಅಂದರೆ ನಾನೇ. ಓರಗಿತ್ತಿಯನ್ನು ತವರಿನಲ್ಲಿ ಕರೆಯುತ್ತಿದ್ದ ಪುಟ್ಟ ಹೆಸರೊಂದಿತ್ತು. ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆದಿರಲಿಲ್ಲ. ಮೆಸೆಂಜರ್ ಆಗಿ ಬೆಳೆಸಿಕೊಂಡ ನನ್ನ ಗಂಟಲಿನಲ್ಲಿ ಆ ಹೆಸರು ಹಿಡಿದು ಕೂಗಿದೆ.

ಅವಳು ಓಗೊಡಲಿಲ್ಲ.

ಇನ್ನೊಮ್ಮೆ ಕೂಗಿದೆ. ಆಗ ತುಟಿ ಅಲುಗಿಸದೆ, ನನಗೊಬ್ಬಳಿಗೇ ಕೇಳುವ ಹಾಗೆ ಅಂದಳು: “ತಡಿಯಕ್ಕ. ಇನ್ನೊಸಿ ಒತ್ತು ಸತ್ತಿರ್ತೀನಿ. ಎಲ್ರೂ ನೋಡ್ತಾವ್ರೆ.”

ಸರಿ, ಇರು ಅಂತ ಕಾದೆ. ಜನವೂ ಕಾದರು. ಅಷ್ಟು ಹೊತ್ತು ಒಬ್ಬ ಹೆಂಗಸನ್ನು ಯಾರಾದರೂ ಹಾಗೆ ಕೆಲಸ ಹೇಳದೆ, ಕಾಫಿ ಕೇಳದೆ, ಸುಮ್ಮನೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಮೂರನೆಯ ಸಲ ಕೂಗಿದಾಗ, ಬಯಲಿನ ಕೊನೆಗೂ ಕೇಳುವಂತೆ “ಓ!” ಅಂದು ಎದ್ದು ಕೂತಳು. ಆಗ ಎದ್ದ ಸದ್ದನ್ನು ಚಪ್ಪಾಳೆ ಅನ್ನಲು ಬರುವುದಿಲ್ಲ. ಹೆಡತಲೆಯವರು ತಾವೇ ಮಂಗಳ ಹಾಡಿದರು, ಹಾರ್ಮೋನಿಯಂ ಇಲ್ಲದೆಯೇ, ಶ್ರುತಿ ಎಲ್ಲೆಲ್ಲೋ ಹೋಯಿತು.

ಬಣ್ಣದ ಕೋಣೆಯಲ್ಲಿ ಡೈರೆಕ್ಟರ್ ನನ್ನ ಮೇಲೆ ಹರಿಹಾಯ್ದರು. ಕ್ಲೋಷರ್ ಹಾಳಾಯಿತಂತೆ. ಇಡೀ ಪ್ರೊಡಕ್ಷನ್ನಿನ ವಿಷನ್ನೇ ಹೋಯಿತಂತೆ. ಲೆಕ್ಚರರು ಮೊಣಕಾಲಿನ ಪ್ಯಾಡು ಬಿಚ್ಚುತ್ತಾ, “ನನಗಂತೂ ಒಂದು ಮಾತು ಮೊದಲೇ ಹೇಳಬಹುದಿತ್ತು” ಅಂದರು. ಅದು ನ್ಯಾಯವಾದ ಮಾತು. ಆದರೆ ಡೈರೆಕ್ಟರನ್ನು ನಾನು ಕೇಳಿದ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ. ಯಾರ ಸಾವು ವಿಷುವಲ್, ಯಾರದು ಸೈಲೆನ್ಸ್ ಅಂತ ತೀರ್ಮಾನ ಮಾಡುವವರು ಯಾರು? ಆ ಮನುಷ್ಯ ಈಗಲೂ ಊರೂರಿನಲ್ಲಿ ಆ ನಾಟಕ ಆಡಿಸುತ್ತಿದ್ದಾರೆ. ಬೇರೆ ರಾಣಿ ಸಿಕ್ಕಿದ್ದಾಳೆ. ಒಳಗೇ ಸಾಯುತ್ತಾಳೆ ಅಂತ ಕೇಳಿದೆ.

ಓರಗಿತ್ತಿ ಅದಾದ ಮೇಲೆ ಮಗಳ ಮನೆಯಲ್ಲೇ ಉಳಿದಳು. ಮಳೆ ಹಿಡಿಯುವ ಮುಂಚೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ನಾನು ಆಗ ಮಂಡಿ ಆಪರೇಷನ್ ಮಾಡಿಸಿಕೊಂಡು ಮೈಸೂರಿನಲ್ಲಿ ಹಾಸಿಗೆ ಹಿಡಿದಿದ್ದೆ. ನನಗೆ ನೋವಾಗಬಾರದೆಂದು ಎಲ್ಲ ಮುಗಿಸಿ, ಮಣ್ಣು ಮಾಡಿ ಬಂದ ಮೇಲೆ ಫೋನ್ ಮಾಡಿದರು. ಅವರ ಒಳ್ಳೆಯತನಕ್ಕೆ ಏನು ಹೇಳಲಿ! ಫೋನನ್ನು ಎಸೆದೆ. ಅದರ ಗಾಜು ಒಡೆದದ್ದು ಇನ್ನೂ ಹಾಗೇ ಇದೆ.

ಆದ್ದರಿಂದ ನಾನು ಅವಳನ್ನು ಕೊನೆಯ ಸಲ ಕಂಡದ್ದು ನರಸೀಪುರದ ಆ ಸಂಜೆಯೇ. ಸೋಸಲೆಗೆ ಹೋಗಲು ಮಗಳು ಆಟೋ ಹಿಡಿದಿದ್ದಳು. ಬಣ್ಣ ಒರೆಸಿಕೋ ಅಂತ ಕೊಬ್ಬರಿ ಎಣ್ಣೆ ಕೊಟ್ಟರೆ, “ಇರ್ಲಿ ಬುಡಕ್ಕ, ಮೊಮ್ಮಕ್ಳು ನೋಡ್ಲಿ” ಅಂದಳು. ಗಂಡ ಹೋದ ಮೇಲೆ ಮುಡಿಯದಿದ್ದ ಮಲ್ಲಿಗೆ ನಾಟಕದ ನೆಪದಲ್ಲಿ ತಲೆಗೇರಿತ್ತು, ಅದನ್ನೂ ತೆಗೆಯಲಿಲ್ಲ. ಡೈರೆಕ್ಟರ್ ಅಲ್ಲಿಗೂ ಬಂದು, “ಆಂಟಿ, ಮುಂದಿನ ಶೋನಲ್ಲಿ ಹೀಗೆಲ್ಲ ಮಾಡಂಗಿಲ್ಲ” ಅಂದರು.

“ಗಾಬ್ರಿ ಮಾಡ್ಕಬ್ಯಾಡ ಕಣಪ್ಪ,” ಅಂದಳು, “ಮುಂದಿನ ಸಲಿ ಇನ್ನೂ ಒಸಿ ನಿಧಾನಕ್ಕೆ ಸಾಯ್ತೀನಿ.”

ಆಟೋ ಹೊರಟು, ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡು ನಿಂತಿತು. ದಾರಿಹೋಕರು ಬಗ್ಗಿ ಬಗ್ಗಿ ನೋಡುತ್ತಿದ್ದರು. ಅವಳು ಗ್ರೀಕ್ ರಾಣಿಯ ಮುಖವನ್ನು ಆಟೋದಿಂದ ಆಚೆ ಹಾಕಿ, ಟ್ರ್ಯಾಕ್ಟರಿನವನನ್ನು ಬಾಯ್ತುಂಬ ಬಯ್ಯುತ್ತಿದ್ದಳು.